ಸುಳಿವೇ ಸಾಕ್ಷಿ ಹೇಳುವ ಪದಬಂಧ

ಮೊದಲು ಈ ಸುಳಿವನ್ನು ಓದಿ.

‘ಲೋಕ ಮಲಗಿದಾಗ ಒಳಗೆ ಅರಳಿದ ಹೂ (3)’

ಕಂಸದಲ್ಲಿರುವ 3 ಎಂದರೆ ಉತ್ತರಕ್ಕೆ ಮೂರು ಅಕ್ಷರ. ದಿನಪತ್ರಿಕೆಯ ಪದಬಂಧ ತುಂಬಿ ರೂಢಿಯಿದ್ದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಲೋಕವೆಲ್ಲ ಮಲಗಿದ ಹೊತ್ತಿನಲ್ಲಿ ಅರಳುವ ಹೂ ಯಾವುದು? ನೈದಿಲೆ ಇರಬಹುದು. ಚಂದ್ರ ಮೂಡಿದಾಗ ಅರಳುವುದು, ಅಕ್ಷರವೂ ಮೂರು. ಮಲ್ಲಿಗೆಯೂ ಆದೀತು. ಸಂಜೆಗೆ ಬಿರಿದು ರಾತ್ರಿಯಿಡೀ ಘಮಘಮಿಸುತ್ತದೆ, ಅದಕ್ಕೂ ಮೂರೇ ಅಕ್ಷರ. ಆದರೆ ಎರಡೂ ತಪ್ಪು. ಸರಿಯುತ್ತರ ಕಮಲ, ಹಗಲಲ್ಲಿ ಅರಳುವ ಹೂ. ಅನುಮಾನವಿದ್ದರೆ ಮೊದಲ ಎರಡು ಪದಗಳ ಮೇಲೆ ಬೆರಳಿಟ್ಟು ಬಿಡಿಬಿಡಿಯಾಗಿ ಓದಿ: ಲೋ, ಕ, ಮ, ಲ, ಗಿ, ದಾ, ಗ. ಮೊದಲ ಪದದ ಕೊನೆಯಲ್ಲಿ ‘ಕ’ ಇದೆ, ಎರಡನೆಯದರ ಆರಂಭದಲ್ಲಿ ‘ಮಲ’ ಇದೆ. ‘ಲೋಕ ಮಲಗಿದಾಗ’ ಎಂಬ ಮಾತಿನ ಒಳಗೇ ಹೂ ಅರಳಿ ಕೂತಿದೆ. ‘ಒಳಗೆ ಅರಳಿದ’ ಎಂದು ಸುಳಿವು ಬಾಯಿಬಿಟ್ಟು ಹೇಳಿದ್ದರೂ ನಾವು ರಾತ್ರಿ, ಚಂದ್ರ, ಸುವಾಸನೆ ಎಂದು ಬೇರೆಲ್ಲೋ ಅಲೆದಾಡಿದೆವು.

ಇಂಗ್ಲಿಷಿನಲ್ಲಿ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಎಂದು ಕರೆಯುವ ಆಟದ ಜೀವ ಇರುವುದು ಇಲ್ಲಿ. ಕನ್ನಡದಲ್ಲಿ ಅದನ್ನು ಗೂಢ ಪದಬಂಧ ಎನ್ನೋಣ. ಹೆಸರು ಕೇಳಿ ಇದು ಮಹಾಪಂಡಿತರ ಸೊತ್ತೆಂದು ಹಿಂಜರಿಯುವವರೇ ಹೆಚ್ಚು. ನಿಜಕ್ಕೂ ಇದರ ಕಟ್ಟು ತೀರಾ ಸರಳ. ಪ್ರತಿ ಸುಳಿವಿನಲ್ಲೂ ಎರಡು ಭಾಗ ಇರುತ್ತದೆ. ಒಂದು ಭಾಗ ಉತ್ತರದ ಅರ್ಥ ಹೇಳುತ್ತದೆ, ನಮ್ಮ ಮಾಮೂಲಿ ಪದಬಂಧದ ಸುಳಿವಿನ ಹಾಗೆಯೇ. ಮೇಲಿನದರಲ್ಲಿ ಅದು ‘ಹೂ’. ಇನ್ನೊಂದು ಭಾಗ ಉತ್ತರದ ಅಕ್ಷರಗಳನ್ನು ಎಲ್ಲಿಂದ ತಂದು ಹೇಗೆ ಜೋಡಿಸಬೇಕೆಂದು ಹೇಳುತ್ತದೆ. ಅರ್ಥದ ಭಾಗ ಸುಳಿವಿನ ಮೊದಲಿಗೆ ಬರಬೇಕು, ಇಲ್ಲವೇ ಕೊನೆಗೆ. ನಡುವೆ ತುರುಕುವಂತಿಲ್ಲ. ಎರಡೂ ಕೂಡಿ ಸಹಜವಾದ ಒಂದು ವಾಕ್ಯವಾಗಬೇಕು, ಆ ವಾಕ್ಯ ಉತ್ತರಕ್ಕೆ ಸಂಬಂಧವೇ ಇಲ್ಲದ ಚಿತ್ರವೊಂದನ್ನು ಕಣ್ಣಮುಂದೆ ತರಬೇಕು. ಬಿಡಿಸುವವರ ಕೆಲಸವೆಂದರೆ ಆ ಚಿತ್ರಕ್ಕೆ ಮರುಳಾಗದೆ, ಅರ್ಥ ಎಲ್ಲಿ ಮುಗಿದು ಅಕ್ಷರದ ಆಟ ಎಲ್ಲಿ ಶುರುವಾಗುತ್ತದೆ ಎಂಬ ಗೆರೆಯನ್ನು ಹುಡುಕುವುದು.

ಮಾಮೂಲಿ ಪದಬಂಧದಲ್ಲಿ ‘ಒಂದು ಹೂ (3)’ ಎಂದಿದ್ದರೆ ಮಲ್ಲಿಗೆ, ಸಂಪಿಗೆ, ಸೇವಂತಿ, ಕಮಲ ಎಲ್ಲವೂ ಸರಿ. ಯಾವುದೆಂದು ಗೊತ್ತಾಗಲು ಅಡ್ಡ ಬರುವ ಇನ್ನೊಂದು ಪದ ಸಿಗಬೇಕು, ಇಲ್ಲವೇ ನಾಳೆಯ ಪತ್ರಿಕೆ ಬರಬೇಕು. ಗೂಢ ಸುಳಿವಿಗೆ ಹೊರಗಿನ ಸಾಕ್ಷಿ ಬೇಕಾಗಿಲ್ಲ. ಅರ್ಥದ ಭಾಗ ಅಕ್ಷರದ ಭಾಗಕ್ಕೆ ಸಾಕ್ಷಿ, ಅಕ್ಷರದ ಭಾಗ ಅರ್ಥಕ್ಕೆ ಸಾಕ್ಷಿ. ಉತ್ತರ ಹೊಳೆದ ಕ್ಷಣವೇ ಅದು ಸರಿ ಎಂಬುದೂ ಖಚಿತವಾಗುತ್ತದೆ. ಈ ಖಚಿತತೆಗಾಗಿಯೇ ಜನ ಇದಕ್ಕೆ ಅಂಟಿಕೊಳ್ಳುತ್ತಾರೆ ಎಂದು ನನ್ನ ನಂಬಿಕೆ.

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. ಲಿವರ್‌ಪೂಲಿನಿಂದ ವಲಸೆ ಹೋಗಿದ್ದ ಪತ್ರಕರ್ತ ಆರ್ಥರ್ ವಿನ್ 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರದಾಕಾರದ ಚೌಕಟ್ಟೊಂದನ್ನು ಅಚ್ಚು ಹಾಕಿಸಿದರು. ಅದರ ಸುಳಿವುಗಳೆಲ್ಲ ನೇರವಾದವು. 1920ರ ದಶಕದಲ್ಲಿ ಬ್ರಿಟನ್ನಿಗೆ ಬಂದ ಮೇಲೆ ಅದು ಬೇರೆಯೇ ಆಟವಾಯಿತು. ಕವಿಯೂ ಅನುವಾದಕರೂ ಆಗಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ 1926ರಿಂದ ತಾವು ತೀರಿಕೊಂಡ 1939ರವರೆಗೆ ‘ಅಬ್ಸರ್ವರ್’ ಪತ್ರಿಕೆಗೆ ಪೂರ್ತಿ ಗೂಢ ಸುಳಿವುಗಳದೇ ಪದಬಂಧ ರಚಿಸಿದರು. ಅವರು ಇಟ್ಟುಕೊಂಡ ಗುಪ್ತನಾಮ ಟಾರ್ಕ್ವೆಮಾಡ. ಅದು ಸ್ಪೇನಿನಲ್ಲಿ ಧರ್ಮವಿಚಾರಣೆಯ ಹೆಸರಿನಲ್ಲಿ ಜನರನ್ನು ಹಿಂಸಿಸಿದ ಅಧಿಕಾರಿಯ ಹೆಸರು. ಅವರ ನಂತರ ಬಂದ ಡಿ.ಎಸ್. ಮ್ಯಾಕ್‌ನಟ್ ಇನ್ನೊಬ್ಬ ವಿಚಾರಣಾಧಿಕಾರಿಯ ಹೆಸರು ಹಿಡಿದು ಕ್ಸಿಮೆನೆಸ್ ಆದರು. 1972ರಿಂದ ಅದೇ ಜಾಗದಲ್ಲಿ ಬರೆಯತೊಡಗಿದ ಜೊನಾಥನ್ ಕ್ರೌಥರ್ ಅಜೆಡ್ ಆದರು. ಡೇಜಾ ಎಂಬ ಮತ್ತೊಬ್ಬ ವಿಚಾರಣಾಧಿಕಾರಿಯ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಹಿಂದಿನಿಂದ ಮುಂದಕ್ಕೆ ಬರೆದರೆ ಸಿಗುವುದು ಅಜೆಡ್. ಆಟದ ವರಸೆ ಹೆಸರಿನಲ್ಲೇ ಇದೆ.

ಈ ಮೂವರಲ್ಲಿ ನಾವು ಹೆಚ್ಚು ಋಣಿಗಳಾಗಿರಬೇಕಾದದ್ದು ಕ್ಸಿಮೆನೆಸ್ ಅವರಿಗೆ. ಟಾರ್ಕ್ವೆಮಾಡರ ಕಾಲದಲ್ಲಿ ಸುಳಿವು ಎತ್ತ ಬೇಕಾದರೂ ಹೊರಳಬಹುದಿತ್ತು, ಬಿಡಿಸುವವರು ಊಹೆಯ ಮೇಲೆ ಊಹೆ ಮಾಡುತ್ತಾ ಹೋಗಬೇಕಿತ್ತು. ಶಾಲಾ ಮೇಷ್ಟರಾಗಿದ್ದ ಕ್ಸಿಮೆನೆಸ್ ಆಟಕ್ಕೊಂದು ನ್ಯಾಯ ತಂದರು. 1966ರಲ್ಲಿ ಆ ನ್ಯಾಯವನ್ನೆಲ್ಲ ವಿವರಿಸಿ ಪುಸ್ತಕವನ್ನೇ ಬರೆದರು. ಅದರ ಸಾರ ಇಷ್ಟು: ಅರ್ಥ ನಿಖರವಾಗಿರಬೇಕು, ಅಕ್ಷರದ ದಾರಿ ಪ್ರಾಮಾಣಿಕವಾಗಿರಬೇಕು, ಇವೆರಡಕ್ಕೂ ಸೇರದ ಒಂದು ಪದವೂ ಸುಳಿವಿನಲ್ಲಿ ಇರಬಾರದು. ರಚಿಸುವವರು ದಾರಿ ತಪ್ಪಿಸಬಹುದು, ಸುಳ್ಳು ಹೇಳುವಂತಿಲ್ಲ.

ಈಗ ಅಕ್ಷರದ ದಾರಿಗಳನ್ನು ನೋಡೋಣ. ಉದಾಹರಣೆಗಳನ್ನೆಲ್ಲ ಈ ಅಂಕಣಕ್ಕೆಂದೇ ಕನ್ನಡದಲ್ಲಿ ಕಟ್ಟಿದ್ದೇನೆ. ಇಂಗ್ಲಿಷ್ ಸುಳಿವನ್ನು ಕನ್ನಡದಲ್ಲಿ ಹೇಳಿದರೆ ಅದರ ಪ್ರಾಣವೇ ಹೋಗುತ್ತದೆ.

‘ನದಿ ಹಿಂದಕ್ಕೆ ಹರಿದದ್ದು ಇಪ್ಪತ್ತನಾಲ್ಕು ಗಂಟೆ (2)’

ಓದಿದ ಕೂಡಲೇ ಯಾವುದೋ ಪ್ರವಾಹದ ವರದಿಯಂತೆ ಕೇಳುತ್ತದೆ. ನದಿಯನ್ನು ನೀರೆಂದು ನೋಡಬೇಡಿ, ಎರಡು ಅಕ್ಷರವೆಂದು ನೋಡಿ. ಅದು ಹಿಂದಕ್ಕೆ ಹರಿದರೆ ‘ದಿನ’. ಇಪ್ಪತ್ತನಾಲ್ಕು ಗಂಟೆ ಎಂದರೂ ದಿನವೇ. ಇಂಥ ತಿರುಗುಮುರುಗು ನಮಗೇನೂ ಹೊಸತಲ್ಲ. ಬೇಡನೊಬ್ಬ ‘ಮರಾ ಮರಾ’ ಎಂದು ಜಪಿಸುತ್ತಾ ಹೋಗಿ ಅದೇ ರಾಮನಾಮವಾಗಿ, ಕೊನೆಗೆ ಅವನೇ ವಾಲ್ಮೀಕಿಯಾದ ಕಥೆ ಮನೆಮನೆಯಲ್ಲೂ ಇದೆ. ಅದನ್ನೇ ಸುಳಿವಾಗಿಸಬಹುದು: ‘ಮರಾ ಎಂದು ಹಿಂದುಮುಂದಾಗಿ ಜಪಿಸಿದವನಿಗೂ ಒಲಿದವ (2)’. ಉತ್ತರ ರಾಮ. ಇಲ್ಲಿ ಒಂದು ವಿಶೇಷ ಇದೆ. ಅರ್ಥ ಒಂದು ಕಡೆ, ಆಟ ಒಂದು ಕಡೆ ಎಂದು ಗೆರೆ ಎಳೆಯಲು ಆಗುವುದಿಲ್ಲ. ಇಡೀ ವಾಕ್ಯ ರಾಮ ಯಾರೆಂದು ಹೇಳುತ್ತದೆ, ಆ ವಾಕ್ಯದ ಒಳಗೇ ಅಕ್ಷರಗಳೂ ಸಿಗುತ್ತವೆ. ಇಂಥದ್ದು ಕೂಡಿಬರುವುದು ಅಪರೂಪ. ಕೂಡಿಬಂದಾಗ ರಚಿಸಿದವರಿಗೆ ಹಬ್ಬ.

ಅಕ್ಷರಗಳನ್ನು ಕಲಸಿಬಿಡುವುದು ಇನ್ನೊಂದು ದಾರಿ. ಇಂಗ್ಲಿಷಿನಲ್ಲಿ ಇದೇ ರಾಜಮಾರ್ಗ. ಜಿ, ಇ, ಜಿ, ಎಸ್ ಎಂಬ ನಾಲ್ಕೇ ಅಕ್ಷರ ಕೊಟ್ಟು ಮುಂದೆ (9, 4) ಎಂದು ಬರೆದ ಸುಳಿವೊಂದು ಅಲ್ಲಿ ಬಹಳ ಪ್ರಸಿದ್ಧ. ಉತ್ತರ ‘ಸ್ಕ್ರ್ಯಾಂಬಲ್ಡ್ ಎಗ್ಸ್’, ಅಂದರೆ ಕಲಸಿದ ‘ಎಗ್ಸ್’. ಕನ್ನಡದ್ದು ಇಲ್ಲಿದೆ:

‘ತಬ್ಬಿಬ್ಬಾದ ಮದನ ಮಾಡಿದ್ದು ಹತ್ತಿಕ್ಕುವ ಕೆಲಸ (3)’

ತಬ್ಬಿಬ್ಬಾದದ್ದು ಮದನ ಎಂಬ ಪದ. ಅಕ್ಷರ ಅದಲುಬದಲಾದರೆ ‘ದಮನ’, ಹತ್ತಿಕ್ಕುವ ಕೆಲಸ. ತಬ್ಬಿಬ್ಬು, ಕಲಸು, ಚೆಲ್ಲಾಪಿಲ್ಲಿ, ಹುಚ್ಚು, ಕುಡಿತ, ಕುಣಿತ ಇಂಥ ಯಾವ ಮಾತು ಕಂಡರೂ ಪಕ್ಕದ ಪದದ ಮೇಲೆ ಕಣ್ಣಿಡಬೇಕು. ಕ್ಸಿಮೆನೆಸ್ ನ್ಯಾಯದ ಬೆಲೆ ಗೊತ್ತಾಗುವುದೂ ಇಲ್ಲೇ. ನಾನು ‘ತಬ್ಬಿಬ್ಬಾದ ಮನ್ಮಥ’ ಎಂದು ಬರೆದಿದ್ದರೆ ಏನಾಗುತ್ತಿತ್ತು? ಓದುಗರು ಮೊದಲು ಮನ್ಮಥನಿಗೆ ಮದನ, ಮಾರ, ಕಾಮ, ಅನಂಗ ಇವುಗಳಲ್ಲಿ ಯಾವ ಹೆಸರೆಂದು ಊಹಿಸಬೇಕು, ಆಮೇಲೆ ಅದನ್ನು ಕಲಸಬೇಕು. ಊಹೆಯ ಮೇಲೆ ಊಹೆ ಹೇರಿದಂತಾಯಿತು. ಕಲಸುವ ಅಕ್ಷರಗಳು ಸುಳಿವಿನಲ್ಲಿ ಕಣ್ಣೆದುರೇ ಇರಬೇಕು. ಇದನ್ನು ಮುರಿದ ಸುಳಿವು ಎಷ್ಟೇ ಚಮತ್ಕಾರದ್ದಾದರೂ ಕಸದ ಬುಟ್ಟಿಗೆ ಹೋಗಬೇಕು ಎಂದೇ ನನ್ನ ಅಭಿಪ್ರಾಯ.

ಒಂದು ಪದದ ಹೊಟ್ಟೆಯಲ್ಲಿ ಇನ್ನೊಂದನ್ನು ಇಡುವ ದಾರಿಗೆ ಈ ಉದಾಹರಣೆ ಸಿಕ್ಕಿದಾಗ ನನಗೇ ಮೈ ಜುಮ್ಮೆಂದಿತು.

‘ಹಣದೊಳಗೆ ವಿಷ ಸೇರಿ ದೊಡ್ಡ ಕರ್ಮಕಾಂಡ (4)’

ಹಣದ ಎರಡು ಅಕ್ಷರಗಳ ನಡುವೆ ವಿಷ ಸೇರಬೇಕು. ವಿಷಕ್ಕೆ ನಿಘಂಟಿನಲ್ಲಿ ‘ಗರ’ ಎಂಬ ಪದವಿದೆ, ಗರಳದ ಬಳಗದ್ದು. ಹ, ಅದರ ನಂತರ ಗರ, ಕೊನೆಗೆ ಣ. ಹಗರಣ! ಕರ್ಮಕಾಂಡ ಎಂದು ನಮ್ಮ ಪತ್ರಿಕೆಗಳು ಮುಖಪುಟದಲ್ಲಿ ಬರೆಯುವುದು ಇದನ್ನೇ. ಹಣದಲ್ಲಿ ವಿಷ ಬೆರೆತದ್ದೇ ಹಗರಣ ಎಂಬುದು ಆ ಪದದ ವ್ಯುತ್ಪತ್ತಿಯಲ್ಲ, ಅಕ್ಷರಗಳ ಆಕಸ್ಮಿಕ. ಆ ಆಕಸ್ಮಿಕದಲ್ಲಿ ಇಷ್ಟೊಂದು ಅರ್ಥ ಹೊಂದಿಬರುವುದನ್ನು ಕಂಡಾಗ ಭಾಷೆಯ ಮೇಲೆ ಪ್ರೀತಿ ಹೆಚ್ಚುತ್ತದೆ.

ಎರಡು ಅರ್ಥವನ್ನು ಒತ್ತೊತ್ತಾಗಿ ಇಡುವ ಸುಳಿವುಗಳು ಚಿಕ್ಕದಾಗಿರುತ್ತವೆ. ‘ಹುಡುಕು, ರಾಜ! (3)’ ಎಂದರೆ ಅರಸು. ಹುಡುಕು ಎಂಬುದಕ್ಕೂ ಅರಸು, ರಾಜನಿಗೂ ಅರಸು. ಹಿಂದಿನಿಂದ ಮುಂದಿನಿಂದ ಒಂದೇ ಆಗುವ ಪದಗಳಿಗೂ ಜಾಗವುಂಟು. ‘ಹೋಗುವಾಗಲೂ ಬರುವಾಗಲೂ ಅದೇ, ವೀರನಾರಾಯಣನ ಊರು (3)’ ಎಂದರೆ ಗದಗ ಎಂದು ಕುಮಾರವ್ಯಾಸನನ್ನು ಓದಿದವರು ಅಕ್ಷರ ಎಣಿಸದೆಯೇ ಹೇಳಿಯಾರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ಇಂಗ್ಲಿಷಿನಲ್ಲೂ ಇರುವ ದಾರಿಗಳು. ಆದರೆ ಕನ್ನಡದಲ್ಲಿ ಸುಳಿವು ಕಟ್ಟಲು ಕೂತವರಿಗೆ ಬೇರೆ ಪ್ರಶ್ನೆಗಳು ಎದುರಾಗುತ್ತವೆ. ನನಗೆ ಬಹಳ ಕುತೂಹಲವೆನಿಸುವುದು ಈ ಭಾಗವೇ.

ಮೊದಲನೆಯದು ವಿಭಕ್ತಿ. ಇಂಗ್ಲಿಷಿನ ನಾಮಪದ ವಾಕ್ಯದಲ್ಲಿ ಎಲ್ಲಿ ಕೂತರೂ ಹೆಚ್ಚುಕಡಿಮೆ ತನ್ನ ರೂಪದಲ್ಲೇ ಇರುತ್ತದೆ. ಕನ್ನಡದ್ದು ಹಾಗಲ್ಲ. ಮದನ ಎಂದಿದ್ದದ್ದು ಮದನನ, ಮದನನಿಗೆ, ಮದನನಿಂದ ಎಂದಾಗುತ್ತದೆ. ‘ತಬ್ಬಿಬ್ಬಾದ ಮದನನ’ ಎಂದು ಬರೆದರೆ ಒಂದು ‘ನ’ ಹೆಚ್ಚಾಗಿ ಲೆಕ್ಕ ತಪ್ಪುತ್ತದೆ. ಹಾಗಾಗಿ ಕಲಸಬೇಕಾದ ಪದವನ್ನು ಪ್ರಥಮಾ ವಿಭಕ್ತಿಯಲ್ಲೇ ನಿಲ್ಲಿಸಿ ವಾಕ್ಯವನ್ನು ಅದರ ಸುತ್ತ ಕಟ್ಟಬೇಕು. ಇದು ಕಷ್ಟದ ಕೆಲಸ. ಆದರೆ ಇದೇ ವಿಭಕ್ತಿ ಇನ್ನೊಂದು ಕಡೆ ಇಂಗ್ಲಿಷಿಗೆ ಇಲ್ಲದ ಸಂಪತ್ತನ್ನು ಕೊಡುತ್ತದೆ. ಇದನ್ನು ನೋಡಿ:

‘ಬಣ್ಣದ ಹಬ್ಬಕ್ಕೆ ಮಾಡಿದ ಸಿಹಿ (3)’

ಇದರಲ್ಲಿ ಗೂಢವೇನಿದೆ ಎನಿಸುತ್ತದೆ. ಹಬ್ಬಕ್ಕೆ ಸಿಹಿ ಮಾಡುವುದು ವಾಡಿಕೆ. ಈಗ ಮೊದಲ ಎರಡು ಪದಗಳನ್ನು ಒಂದೇ ಪದದಲ್ಲಿ ಹೇಳಿ. ಬಣ್ಣದ ಹಬ್ಬ ಹೋಳಿ. ಬಣ್ಣದ ಹಬ್ಬಕ್ಕೆ ಎಂದರೆ ಹೋಳಿಗೆ! ಸಿಹಿಯೂ ಹೋಳಿಗೆ. ನಡುವಿನ ‘ಮಾಡಿದ’ ಎರಡನ್ನೂ ಬೆಸೆಯುವ ಕೊಂಡಿ. ಚತುರ್ಥಿ ವಿಭಕ್ತಿಯ ಒಂದು ‘ಗೆ’ ಇಷ್ಟು ಕೆಲಸ ಮಾಡಿತು.

ಎರಡನೆಯದು ಸಂಧಿ. ಎರಡು ಪದ ಪಕ್ಕಪಕ್ಕ ಇಟ್ಟು ಮೂರನೆಯದನ್ನು ಕಟ್ಟುವಾಗ ಇಂಗ್ಲಿಷಿನವರು ಅಕ್ಷರಗಳನ್ನು ಇದ್ದ ಹಾಗೆ ಜೋಡಿಸುತ್ತಾರೆ. ನಮ್ಮಲ್ಲಿ ಪದಗಳು ಕೂಡುವಾಗ ರೂಪವೇ ಬದಲಾಗುತ್ತದೆ. ‘ಹಾಲು, ಅಕ್ಕಿ ಸಂಧಿಸಿದರೆ ಶಕುನ ನುಡಿಯುವ ಹಕ್ಕಿ (3)’. ಹಾಲು, ಅಕ್ಕಿ ಎಂದಾಕ್ಷಣ ಮನಸ್ಸು ಪಾಯಸದ ಕಡೆ ಓಡುತ್ತದೆ, ಅದಕ್ಕೂ ಮೂರೇ ಅಕ್ಷರ. ಆದರೆ ‘ಸಂಧಿಸಿದರೆ’ ಎಂಬ ಮಾತನ್ನು ವ್ಯಾಕರಣದ ಮೇಷ್ಟರ ಕಿವಿಯಲ್ಲಿ ಕೇಳಬೇಕು. ಹಾಲು ಮತ್ತು ಅಕ್ಕಿ ಕೂಡಿ, ಲೋಪಸಂಧಿಯಲ್ಲಿ ಉಕಾರ ಬಿದ್ದು, ಹಾಲಕ್ಕಿ. ಬುಡುಬುಡಿಕೆಯವರ ಬಾಯಲ್ಲಿ ಶಕುನ ನುಡಿಯುವ ಹಕ್ಕಿ ಅದೇ.

ಮೂರನೆಯದು ಅಕ್ಷರದ ಪ್ರಶ್ನೆ, ಇದು ತುಸು ಆಳದ್ದು. ಕನ್ನಡ ಪದಬಂಧದ ಒಂದು ಮನೆಯಲ್ಲಿ ಒಂದು ಅಕ್ಷರ ಕೂರುತ್ತದೆ. ಕಾಗುಣಿತ, ಒತ್ತು, ಸೊನ್ನೆ ಎಲ್ಲ ಸೇರಿ ಒಂದು. ಇಂಗ್ಲಿಷಿನ ಮನೆಗೆ ಬರಬಹುದಾದವು 26. ನಮ್ಮ 34 ವ್ಯಂಜನಗಳಿಗೆ ಕಾಗುಣಿತ ಹಾಕಿದರೇ ನಾನೂರು ದಾಟುತ್ತದೆ, ಒತ್ತಕ್ಷರ ಸೇರಿಸಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ಹಾಗಾಗಿ ಅಡ್ಡ ಪದವೂ ಉದ್ದ ಪದವೂ ಒಂದೇ ಅಕ್ಷರದಲ್ಲಿ ಸಂಧಿಸುವಂತೆ ಚೌಕಟ್ಟು ಕಟ್ಟುವುದು ಕನ್ನಡದಲ್ಲಿ ಇಂಗ್ಲಿಷಿಗಿಂತ ಎಷ್ಟೋ ಪಾಲು ಕಠಿಣ. ಅ.ನಾ. ಪ್ರಹ್ಲಾದರಾವ್ ಅವರಂಥವರು ದಶಕಗಳ ಕಾಲ ಸಾವಿರಾರು ಪದಬಂಧಗಳನ್ನು ಎಡೆಬಿಡದೆ ಕಟ್ಟಿಕೊಟ್ಟದ್ದು ಎಂಥ ಸಾಧನೆ ಎಂಬುದು ಒಂದು ಚೌಕಟ್ಟು ಕಟ್ಟಲು ಕೂತವರಿಗೆ ಮಾತ್ರ ಗೊತ್ತಾಗುತ್ತದೆ. ಬಿಡಿಸುವವರಿಗೆ ಇದರಿಂದ ಲಾಭವೇ. ಅಡ್ಡ ಪದದಿಂದ ನಡುವಿನ ಮನೆಗೆ ಒಂದು ‘ಮ’ ಸಿಕ್ಕಿದರೆ ನೈದಿಲೆ, ಮಲ್ಲಿಗೆ ಎರಡೂ ಒಟ್ಟಿಗೇ ಉದುರಿಹೋಗುತ್ತವೆ.

ಆದರೆ ಅಕ್ಷರವನ್ನು ಇನ್ನೂ ಒಡೆಯಬಹುದಲ್ಲ? ವಾರಣ ಎಂದರೆ ಆನೆ. ಅದನ್ನು ವರ್ಣಗಳಾಗಿ ಬಿಡಿಸಿದರೆ ವ್, ಆ, ರ್, ಅ, ಣ್, ಅ. ವ್ ಮತ್ತು ರ್ ಜಾಗ ಬದಲಿಸಿಕೊಂಡರೆ ಆನೆ ಹೋಗಿ ರಾವಣ ಬರುತ್ತಾನೆ. ‘ಮದವೇರಿದ ವಾರಣ, ಲಂಕೆಯ ಒಡೆಯ (3)’ ಎಂಬ ಸುಳಿವು ನ್ಯಾಯವೇ? ಅಕ್ಷರಮಟ್ಟದಲ್ಲಿ ನೋಡಿದರೆ ಅಲ್ಲ. ವಾ, ರ, ಣ ಮೂರನ್ನು ಹೇಗೆ ಕಲಸಿದರೂ ‘ರಾ’ ಸಿಗುವುದಿಲ್ಲ. ವರ್ಣಮಟ್ಟದಲ್ಲಿ ನೋಡಿದರೆ ಹೌದು. ಮನೆಯಲ್ಲಿ ಕೂರುವುದು ಅಕ್ಷರವಾದ್ದರಿಂದ ಆಟವೂ ಅಕ್ಷರದ್ದೇ ಆಗಿರಬೇಕು, ವರ್ಣಕ್ಕೆ ಇಳಿಯುವುದಾದರೆ ರಚಿಸುವವರು ‘ಒಡೆದ ವಾರಣ’ ಎಂದೋ ‘ಪುಡಿಪುಡಿಯಾದ ವಾರಣ’ ಎಂದೋ ಮುನ್ಸೂಚನೆ ಕೊಡಬೇಕು ಎನ್ನುವುದು ನನ್ನ ನಿಲುವು. ಎಚ್ಚರಿಕೆ ಕೊಡದೆ ವರ್ಣಕ್ಕೆ ಇಳಿದರೆ ಬಿಡಿಸುವವರಿಗೆ ಮೋಸ ಮಾಡಿದಂತೆ.

ವರ್ಣ ಎಣಿಸುವ ಈ ಆಟವನ್ನು ನಾವು ಬ್ರಿಟನ್ನಿನಿಂದ ಕಲಿಯಬೇಕಿರಲಿಲ್ಲ. ಸಂಸ್ಕೃತದ ಆಲಂಕಾರಿಕ ದಂಡಿ ‘ಕಾವ್ಯಾದರ್ಶ’ದ ಮೂರನೇ ಪರಿಚ್ಛೇದದಲ್ಲಿ ಪ್ರಹೇಳಿಕೆಗಳನ್ನು, ಅಂದರೆ ಕಾವ್ಯದ ಒಗಟುಗಳನ್ನು, 16 ಬಗೆಯಾಗಿ ವಿಂಗಡಿಸುತ್ತಾನೆ. ನಮ್ಮ ‘ಕವಿರಾಜಮಾರ್ಗ’ಕ್ಕೆ ಮುಖ್ಯ ಆಕರವಾದ ಗ್ರಂಥ ಅದೇ. ಅವನ ವಿಂಗಡಣೆಯಲ್ಲಿ ‘ಸಮಾಗತಾ’ ಎಂಬ ಬಗೆಯಲ್ಲಿ ಪದಗಳು ಸಂಧಿಯಲ್ಲಿ ಕೂಡಿಕೊಂಡು ಅರ್ಥ ಮರೆಯಾಗುತ್ತದೆ, ನಮ್ಮ ಹಾಲಕ್ಕಿ ಕುಲದ್ದು. ‘ವಂಚಿತಾ’ ಎಂಬುದರಲ್ಲಿ ಪದಕ್ಕೆ ಎಲ್ಲರಿಗೂ ಗೊತ್ತಿರುವ ಅರ್ಥ ಮುಂದೆ ನಿಂತು, ಬೇಕಾದ ಅರ್ಥವನ್ನು ಮುಚ್ಚುತ್ತದೆ. ಇಂಗ್ಲಿಷ್ ಪದಬಂಧದಲ್ಲಿ ‘ಫ್ಲವರ್’ ಎಂದು ಬರೆದು ಹರಿಯುವಂಥದ್ದು, ಅಂದರೆ ನದಿ ಎಂಬ ಅರ್ಥ ಇಟ್ಟುಕೊಳ್ಳುವುದು ಇದೇ ವಂಚನೆ. ಇನ್ನು ‘ಸಂಖ್ಯಾತಾ’ ಎಂಬ ಬಗೆಗೆ ದಂಡಿ ಕೊಡುವ ಉದಾಹರಣೆಯನ್ನು ನಾಳೆಯ ಪತ್ರಿಕೆಯಲ್ಲಿ ಅಚ್ಚು ಹಾಕಿದರೂ ನಡೆಯುತ್ತದೆ. ಒಂದು ಪಟ್ಟಣವಿದೆ, ಅದರ ನಡುವೆ ಅನುನಾಸಿಕ, ಸುತ್ತ ನಾಲ್ಕು ವರ್ಣ, ಅಲ್ಲಿ ಆಳುವವರದು ಎಂಟು ವರ್ಣದ ಹೆಸರು. ಯಾವ ಪಟ್ಟಣ, ಯಾರು ದೊರೆಗಳು? ಕ್, ಆ, ಞ್, ಚ್, ಈ. ನಡುವೆ ಞ್, ಆಚೀಚೆ ಎರಡೆರಡು. ಕಾಂಚೀ. ದೊರೆಗಳು ‘ಪಲ್ಲವಾಃ’: ಪ್, ಅ, ಲ್, ಲ್, ಅ, ವ್, ಆ, ವಿಸರ್ಗ. ಎಣಿಸಿ, ಎಂಟು. ಒಂದು ಉತ್ತರ ಇನ್ನೊಂದಕ್ಕೆ ಸಾಕ್ಷಿ ಹೇಳುತ್ತದೆ. ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕಟ್ಟಿದ, ಕ್ಸಿಮೆನೆಸ್ ಕೂಡ ಮೆಚ್ಚಬಹುದಾದ ಸುಳಿವು.

ಈ ಬಗೆಯ ಓದಿಗೆ ಪದಬಂಧದ ಹೊರಗೂ ಬೆಲೆ ಬಂದ ಪ್ರಸಂಗವಿದೆ. ಎರಡನೇ ಮಹಾಯುದ್ಧದ ನಡುವೆ, 1942ರ ಜನವರಿಯಲ್ಲಿ, ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ತನ್ನ ಕಚೇರಿಯಲ್ಲಿ ಒಂದು ಸ್ಪರ್ಧೆ ಇಟ್ಟಿತು. ಪದಬಂಧವನ್ನು 12 ನಿಮಿಷದೊಳಗೆ ಮುಗಿಸಬೇಕು. ಸುಮಾರು 25 ಮಂದಿ ಬಂದು ಕೂತರು. ಕೆಲವು ವಾರಗಳ ನಂತರ ಅವರಲ್ಲಿ ಕೆಲವರಿಗೆ ಯುದ್ಧ ಇಲಾಖೆಯಿಂದ ಪತ್ರ ಬಂತು. ಜರ್ಮನ್ನರ ಗುಪ್ತ ಸಂದೇಶಗಳನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ ಜನ ಬೇಕಾಗಿತ್ತು. ಕಣ್ಣಮುಂದಿನ ಅಕ್ಷರಗಳು ಹೇಳುತ್ತಿರುವುದೇ ಬೇರೆ, ಅವುಗಳ ಒಳಗಿರುವುದೇ ಬೇರೆ ಎಂದು ಪಟ್ಟು ಹಿಡಿದು ಕೂರುವ ಗುಣ ಅಲ್ಲಿಗೂ ಬೇಕಿತ್ತು.

ಆದರೆ ನನ್ನನ್ನು ಹೆಚ್ಚು ಕಲಕಿದ್ದು ಜಾನ್ ಗ್ರಹಾಂ ಅವರ ಕಥೆ. ಚರ್ಚಿನ ಪಾದ್ರಿಯಾಗಿದ್ದ ಅವರು 1958ರಿಂದ ‘ಗಾರ್ಡಿಯನ್’ ಪತ್ರಿಕೆಗೆ ಪದಬಂಧ ಬರೆಯುತ್ತಿದ್ದರು. ಅವರ ಗುಪ್ತನಾಮ ಅರಾಕೇರಿಯ, ಅದು ಮುಳ್ಳೆಲೆಯ ಒಂದು ಮರದ ಹೆಸರು. 2013ರ ಜನವರಿಯಲ್ಲಿ, 91ರ ವಯಸ್ಸಿನಲ್ಲಿ, ಅವರ ಒಂದು ಪದಬಂಧದ ಮೇಲೆ ಸಣ್ಣ ಟಿಪ್ಪಣಿ ಇತ್ತು. ತನಗೆ ಇಂತಿಂಥ ಸಂಖ್ಯೆಯ ಉತ್ತರ ಆಗಿದೆ, ಇಂತಿಂಥ ಸಂಖ್ಯೆಯ ಉತ್ತರಗಳಿಂದ ಉಪಚಾರ ನಡೆದಿದೆ ಎಂದಷ್ಟೇ. ಓದುಗರು ಎಂದಿನಂತೆ ಪೆನ್ಸಿಲ್ ಹಿಡಿದು ಒಂದೊಂದೇ ಮನೆ ತುಂಬಿದರು. ಮೂಡಿಬಂದ ಪದಗಳು: ಕ್ಯಾನ್ಸರ್, ಅನ್ನನಾಳ, ನೋವು ಶಮನಗೊಳಿಸುವ ಆರೈಕೆ. ಐವತ್ತಕ್ಕೂ ಹೆಚ್ಚು ವರ್ಷ ತಮ್ಮೊಡನೆ ಆಡಿದವರಿಗೆ ಅವರು ತಮ್ಮ ಸಾವಿನ ಸುದ್ದಿಯನ್ನೂ ಆಟದ ಭಾಷೆಯಲ್ಲೇ, ಪೂರ್ತಿ ನ್ಯಾಯವಾಗಿ ತಿಳಿಸಿದರು. ಅದೇ ವರ್ಷದ ನವೆಂಬರಿನಲ್ಲಿ ತೀರಿಕೊಂಡರು. ರಚಿಸುವವರ ಮತ್ತು ಬಿಡಿಸುವವರ ನಡುವೆ ಎಂಥ ನಂಟು ಬೆಳೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನದನ್ನು ನಾನು ಕಂಡಿಲ್ಲ.

ಭಾರತದಲ್ಲೂ ಇಂಗ್ಲಿಷ್ ಗೂಢ ಪದಬಂಧಕ್ಕೆ ಗಟ್ಟಿ ಪರಂಪರೆ ಇದೆ. ‘ದಿ ಹಿಂದೂ’ 1971ರಲ್ಲಿ ತನ್ನದೇ ಪದಬಂಧ ಶುರುಮಾಡಿದಾಗ ಅದನ್ನು ರಚಿಸಿದವರು ನೌಕಾಪಡೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ರಾಮದಾಸ್ ಕಟಾರಿ. 2013ರಲ್ಲಿ ಆರಂಭವಾದ ಇಂಡಿಯನ್ ಕ್ರಾಸ್‌ವರ್ಡ್ ಲೀಗಿನ ಅಂತಿಮ ಸುತ್ತುಗಳು ಬೆಂಗಳೂರಿನಲ್ಲೂ ನಡೆದಿವೆ. ಪಕ್ಕದ ತೆಲುಗಿನಲ್ಲಿ ಮಹಾಕವಿ ಶ್ರೀಶ್ರೀ ಅವರೇ ಪದಬಂಧ ರಚನೆಗೆ ಕೈ ಹಾಕಿದ್ದರು, ಆರುದ್ರ ತಮ್ಮದಕ್ಕೆ ‘ಗಡಿನುಡಿ’ ಎಂದು ಹೆಸರಿಟ್ಟರು. ಬೆಡಗಿನ ವಚನ, ದಾಸರ ಮುಂಡಿಗೆ, ಮದುವೆ ಮನೆಯ ಒಡಪು, ಅಜ್ಜಿಯ ಒಗಟು ಇಷ್ಟೆಲ್ಲ ಇರುವ ಕನ್ನಡಕ್ಕೆ ಮಾತನ್ನು ಮರೆಮಾಡಿ ಹೇಳುವುದು ಹುಟ್ಟುಗುಣ. ಹಾಗಿರುವಾಗ ನಮ್ಮ ಪತ್ರಿಕೆಗಳ ಪದಬಂಧ ಸಮಾನಾರ್ಥಕ ಪದ ಕೇಳುವುದರಲ್ಲೇ ನಿಂತುಬಿಡಬೇಕೇ?

ದಿನಾ ಬೇಡ, ಭಾನುವಾರದ ಪುರವಣಿಯಲ್ಲಿ ಏಳು ಮನೆ ಅಗಲ, ಏಳು ಮನೆ ಉದ್ದದ ಚಿಕ್ಕ ಚೌಕಟ್ಟು ಸಾಕು. ಒಂದೇ ಒಂದು ಶರತ್ತು. ಮುಂದಿನ ವಾರ ಬರೀ ಉತ್ತರಗಳನ್ನು ಕೊಟ್ಟು ಕೈತೊಳೆದುಕೊಳ್ಳಬಾರದು, ಪ್ರತಿ ಸುಳಿವಿಗೂ ಒಂದೆರಡು ಸಾಲಿನ ವಿವರಣೆ ಇರಬೇಕು. ಯಾವುದು ಅರ್ಥ, ಯಾವುದು ಆಟ, ಯಾವ ಪದ ಯಾವುದಕ್ಕೆ ಸೂಚಕ ಎಂದು ಬಿಡಿಸಿ ತೋರಿಸಬೇಕು. ‘ಕಮಲ’ ಎಂಬ ಉತ್ತರ ಮಾತ್ರ ಓದಿದವರು ಪುಟ ಮಗುಚಿ ಮರೆಯುತ್ತಾರೆ. ಅದು ‘ಲೋಕ ಮಲಗಿದಾಗ’ ಎಂಬುದರ ಒಳಗೆ ಎಲ್ಲಿತ್ತೆಂದು ಕಂಡವರು ಮುಂದಿನ ವಾರ ತಾವಾಗಿ ಪೆನ್ಸಿಲ್ ಹಿಡಿಯುತ್ತಾರೆ. ಹತ್ತು ವಾರ ವಿವರಣೆ ಓದಿದರೆ ಯಾರು ಬೇಕಾದರೂ ಬಿಡಿಸಬಲ್ಲರು. ಅವರಲ್ಲಿ ಕೆಲವರು ರಚಿಸಲೂ ತೊಡಗುತ್ತಾರೆ.

ಪೆನ್ಸಿಲ್ ಹತ್ತಿರವಿದ್ದರೆ ಈ ಮೂರನ್ನು ನೋಡಿ. ಉತ್ತರ ಕೊಡುತ್ತಿಲ್ಲ, ಸರಿಯಾದದ್ದು ಸಿಕ್ಕಾಗ ಸುಳಿವೇ ನಿಮಗೆ ಹೇಳುತ್ತದೆ.

‘ಒಲ್ಲೆ ಎಂದ ಬೇಟೆಗಾರ (2)’

‘ಮೊದಲು ಕಳೆದುಕೊಂಡ ಸಂಸಾರದಲ್ಲಿ ಉಳಿದದ್ದು ತಿರುಳು (2)’

‘ಅರಣ್ಯಕ್ಕೆಂದು ಕಣ್ಣಿಗೆ ಹಚ್ಚಿದ್ದು (3)’